ಅತ್ತರಿನ ಸೀಸೆಯಲ್ಲಿ ಪಾನಕ

ಸಿಹಿಗೆ ವಾಸನೆಯೇ ಇಲ್ಲ. ಸಕ್ಕರೆ ಡಬ್ಬಿಗೆ ಮೂಗಿಟ್ಟು ನೋಡಿ. ಅದರ ಅಣು ಆವಿಯಾಗಿ ಮೇಲೇಳುವುದಿಲ್ಲ; ಮೂಗಿಗೇ ತಲುಪದ್ದನ್ನು ಮೂಗು ಹೇಗೆ ಹಿಡಿದೀತು? ರಾಮನವಮಿಯ ಪಾನಕವನ್ನು ಹಾಗೆಯೇ ಸೀಸೆಗಿಳಿಸಿದರೆ ಒಳ್ಳೆಯ ಅತ್ತರಾಗುತ್ತದೆ ಎನ್ನುವವರಿಗೆ ಮೊದಲು ಇದನ್ನೇ ಹೇಳಬೇಕು.

ಹಾಗಾದರೆ ಮಹಾಲಿಂಗಪುರದ ಕಡೆ ಗಾಣ ಹೂಡಿದಾಗ ರಸ್ತೆಗೇ ಬಡಿಯುವ ಘಮ ಯಾವುದರದು? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ನೀರು ಇಂಗಿ, 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರುವಷ್ಟರಲ್ಲಿ ಅದರೊಳಗಿನ ಗ್ಲೂಕೋಸ್, ಫ್ರಕ್ಟೋಸ್‌ಗಳು ಅಮೈನೋ ಆಮ್ಲಗಳೊಡನೆ ಕೂಡಿ ಹೊಸ ಹೊಸ ಅಣುಗಳನ್ನು ಹುಟ್ಟಿಸಿರುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ವಿವರಿಸಿದ ಕ್ರಿಯೆ ಇದು. ಹುರಿದ ಶೇಂಗಾದ ವಾಸನೆಯೂ ಇದೇ ಬಳಗದ್ದು. ನಾವು ಬೆಲ್ಲದ ವಾಸನೆ ಎನ್ನುವುದು ಸಿಹಿಯದಲ್ಲ, ಬೆಂಕಿಯ ಕೆಲಸದ್ದು. ನಾಲಿಗೆ ಸಿಹಿ ಕಂಡಾಗೆಲ್ಲ ಈ ಘಮ ಜೊತೆಗಿದ್ದುದರಿಂದ ಮಿದುಳು ಎರಡನ್ನೂ ಗಂಟುಹಾಕಿಬಿಟ್ಟಿದೆ.

ಸುಗಂಧ ಕಟ್ಟುವವರು ಹಿಡಿಯುವುದು ಈ ಗಂಟನ್ನೇ. ಅವರು ಹನಿಸುವ ಈಥೈಲ್ ಮಾಲ್ಟಾಲ್ ಎಂಬ ಕೃತಕ ಪರಿಮಳದ್ರವ್ಯಕ್ಕೆ ಥೇಟ್ ಬಾಂಬೆ ಮಿಠಾಯಿಯ ವಾಸನೆ. 1992ರಲ್ಲಿ ಪ್ಯಾರಿಸ್ಸಿನಿಂದ ಬಂದ 'ಏಂಜೆಲ್' ಎಂಬ ಸುಗಂಧ ಇದನ್ನು ಧಾರಾಳವಾಗಿ ಬಳಸಿ, ತಿನಿಸಿನ ಘಮದ ಸುಗಂಧಗಳಿಗೆ ದಾರಿ ತೆರೆಯಿತು. ಕುಡಿಯುವುದನ್ನೂ ಮೂಸುವುದನ್ನೂ ಹತ್ತಿರ ತಂದದ್ದು ಪ್ಯಾರಿಸ್ಸೇ ಮೊದಲಲ್ಲ. ಮಹಾಲಿಂಗಪುರದ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಹೂವಿನ ಘಮ ಕೂಡಿಸಿದ ಕುಡಿಯುವ ನೀರನ್ನೂ ಧೂಪವನ್ನೂ ರಾಜಭೋಗಗಳ ಸಾಲಿನಲ್ಲೇ ಇಡುತ್ತದೆ.

ಲೋಟದ ಪಾನಕ ಎಲ್ಲ ರುಚಿಯನ್ನೂ ಒಂದೇ ಗುಟುಕಿನಲ್ಲಿ ಕೊಡುತ್ತದೆ. ಸೀಸೆಯ ಪಾನಕಕ್ಕೆ ಅದು ಸಾಧ್ಯವೇ ಇಲ್ಲ. ಜಾತ್ರೆ ಮುಗಿದ ಮೇಲೆ ಸೈಕಲ್ಲಿನವರು ಮೊದಲು ಹೊರಟು, ಚಕ್ಕಡಿಗಳು ಕಡೆಗೆ ಕದಲುವಂತೆ ಅಣುಗಳೂ ಸರದಿಯಲ್ಲೇ ಹೊರಡುತ್ತವೆ. ಇಂಡಿ ತಾಲ್ಲೂಕಿನ ಲಿಂಬೆ ಹಿಂಡಿದಾಗ ಏಳುವ ಲಿಮೋನೀನ್ ಹಗುರ, ಬೇಗ ಹಾರುತ್ತದೆ. ಏಲಕ್ಕಿಯ ಸಿನಿಯೋಲ್ ಅದರ ಬೆನ್ನಿಗೇ. ಏಲಕ್ಕಿಯದೇ ಟರ್ಪಿನೈಲ್ ಅಸಿಟೇಟ್, ಶುಂಠಿಯ ಜಿಂಜಿಬೆರೀನ್ ಭಾರವಾದ್ದರಿಂದ ನಿಧಾನ. ಈಥೈಲ್ ಮಾಲ್ಟಾಲ್ ಮರುದಿನವೂ ಅಂಗಿಗೆ ಅಂಟಿರುತ್ತದೆ.

ಏಲಕ್ಕಿ ತಂಪು ಎನ್ನುವ ಮಾತಿಗೂ ಕಾರಣವಿದೆ. ಸಿನಿಯೋಲ್ ನಮ್ಮ ನರತುದಿಗಳಲ್ಲಿ ಚಳಿಯನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕ ಪ್ರೋಟೀನನ್ನು ತಟ್ಟುತ್ತದೆ. ತಂಪೆನಿಸುತ್ತದೆ, ಅಷ್ಟೇ, ಮೈಯ ಉಷ್ಣತೆ ಇಳಿಯುವುದಿಲ್ಲ. ಕರಿಮೆಣಸಿನ ಪೈಪರೀನ್ ತಟ್ಟುವುದು ಬಿಸಿಯ ಗ್ರಾಹಕವನ್ನು. ಆದರೆ ಅದು ಆವಿಯಾಗದ ವಸ್ತು. ಹಾಗಾಗಿ ಸುಗಂಧಕ್ಕೆ ಸಿಗುವುದು ಮೆಣಸಿನ ಪೈನೀನ್, ಕ್ಯಾರಿಯೋಫಿಲೀನ್‌ಗಳ ಒಣ ಘಮ ಮಾತ್ರ. ಗಂಟಲು ಚುರುಗುಟ್ಟಬೇಕೆಂದರೆ ಪಾನಕವನ್ನು ಕುಡಿಯಲೇಬೇಕು.