ಲೆಕ್ಕ ಅದೇ, ಕೈ ಮಾತ್ರ ನಡುಗತ್ತೆ

ಟೆಕ್ಸಾಸಲ್ಲಿ ಆ್ಯಂಡಿ ಬೀಲ್ ಅಂತ ಒಬ್ಬ ಬ್ಯಾಂಕ್ ಮಾಲೀಕ ಇದಾನೆ, ಗಣಿತದ ಹುಚ್ಚು ಬೇರೆ, ಅವನ ಹೆಸರಲ್ಲೇ ಇನ್ನೂ ಬಗೆಹರೀದೆ ಇರೋ ಒಂದು ಗಣಿತದ ಸಮಸ್ಯೆ ಇದೆ, ಬಿಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ. ಈ ಪುಣ್ಯಾತ್ಮ 2001ರಿಂದ ಲಾಸ್ ವೇಗಸ್‌ಗೆ ಹೋಗಿ ಪೋಕರ್ ಅನ್ನೋ ಇಸ್ಪೀಟಾಟದ ಲೋಕದ ಘಟಾನುಘಟಿಗಳ ಜೊತೆ ಒಬ್ಬರಿಗೊಬ್ಬರು ಕೂತು ಲಿಮಿಟ್ ಹೋಲ್ಡೆಮ್ ಅನ್ನೋ ಬಗೆಯ ಪೋಕರ್ ಆಡೋಕೆ ಶುರು ಮಾಡಿದ. ಆಟದ ಅನುಭವದಲ್ಲಿ ಅವರನ್ನ ಮೀರಿಸೋದು ಕಷ್ಟ, ಅದಕ್ಕೇ ಅವನು ಹಿಡಿದ ಹಟ ಒಂದೇ, ಪಣ ಏರಿಸಿ. ಏರಿಸ್ತಾ ಏರಿಸ್ತಾ 2004ರಲ್ಲಿ ಅದು 1 ಲಕ್ಷ-2 ಲಕ್ಷ ಡಾಲರ್ ಆಟ ಆಯ್ತು.

ಲಿಮಿಟ್ ಅಂದ್ರೆ ಬೆಟ್ ಎಷ್ಟು ಅನ್ನೋದು ಮೊದಲೇ ಫಿಕ್ಸ್. ಮೊದಲ ಎರಡು ಸುತ್ತಿಗೆ ಸಣ್ಣ ಬೆಟ್, ಕೊನೇ ಎರಡು ಸುತ್ತಿಗೆ ಅದರ ಡಬಲ್, 1 ಲಕ್ಷ-2 ಲಕ್ಷ ಅಂದ್ರೆ ಇದೇ. ಸಿನಿಮಾದಲ್ಲಿ ತೋರಿಸ್ತಾರಲ್ಲ, ಇದ್ದಬದ್ದ ಚಿಪ್ಸೆಲ್ಲ, ಅಂದ್ರೆ ದುಡ್ಡಿನ ಬದಲು ಇಡೋ ಬಿಲ್ಲೆಗಳನ್ನೆಲ್ಲ, ಮುಂದಕ್ಕೆ ತಳ್ಳೋದು, ಅದು ಇಲ್ಲಿ ನಡಿಯಲ್ಲ.

ಒಂದು ಕೈ, ಅಂದ್ರೆ ಎಲೆ ಹಂಚಿ ಆಡೋ ಒಂದು ಸಲದ ಆಟ, ನೋಡೋಣ. ಕೊನೇ ಎಲೆ ಬಿದ್ದಾಗಿದೆ, ಅಷ್ಟೊತ್ತಿಗೆ ಪಾಟಲ್ಲಿ, ಅಂದ್ರೆ ಗೆದ್ದವರಿಗೆ ಸಿಗೋ ದುಡ್ಡಿನ ರಾಶಿಯಲ್ಲಿ, 6 ದೊಡ್ಡ ಬೆಟ್ ಸೇರಿದೆ, ಎದುರಿನವನು ಇನ್ನೊಂದು ಹಾಕ್ದ, ಒಟ್ಟು 7. ನಿಮ್ಮ ಹತ್ರ ಇರೋದು ಒಂದು ಬಡಪಾಯಿ ಜೋಡಿ. ಅವನ ಎಲೆ ನೋಡ್ಬೇಕು ಅಂದ್ರೆ ನೀವೂ ಒಂದು ಬೆಟ್ ಕೊಡ್ಬೇಕು, ಇದಕ್ಕೇ ಕಾಲ್ ಮಾಡೋದು ಅಂತಾರೆ. 8 ಸಲ ಇದೇ ಥರ ಕಾಲ್ ಮಾಡಿ 7 ಸಲ ಸೋತು ಒಂದೇ ಒಂದು ಸಲ ಗೆದ್ರೂ ಅಸಲು ವಾಪಸ್ ಬರತ್ತೆ, ಅಂದ್ರೆ ಗೆಲ್ಲೋ ಚಾನ್ಸ್ 12.5 ಪರ್ಸೆಂಟ್‌ಗಿಂತ ಜಾಸ್ತಿ ಇದ್ರೆ ಕಾಲ್ ಮಾಡೋದೇ ಸರಿ. 2-4 ಡಾಲರ್ ಟೇಬಲ್ಲಲ್ಲಿ ಇದು 28ಕ್ಕೋಸ್ಕರ 4 ಡಾಲರ್, ಬೀಲ್ ಟೇಬಲ್ಲಲ್ಲಿ 14 ಲಕ್ಷಕ್ಕೋಸ್ಕರ 2 ಲಕ್ಷ. ಅನುಪಾತ ಕೂದಲೆಳೆಯಷ್ಟೂ ಬದಲಾಗಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನನಗೆ ಬೀಲ್ ಐಡಿಯಾ ಬುದ್ಧಿವಂತಿಕೆ ಅನ್ಸೋದೇ ಇಲ್ಲಿ. ತಪ್ಪು ಕಾಲ್ ಮಾಡಿದ್ರೆ ಹೋಗೋದು ಒಂದು ಬೆಟ್ ಅಷ್ಟೇ. ಗೆಲ್ಲೋ ಎಲೆ ಹೆದರಿ ಕೆಳಗಿಟ್ಟು ಆಟ ಬಿಟ್ರೆ ಏಳೂ ಹೋಯ್ತು. ಅಂದ್ರೆ ಈ ಆಟದಲ್ಲಿ ಹೆದರಿಕೆಯಷ್ಟು ದುಬಾರಿ ತಪ್ಪು ಕಮ್ಮಿ, ಮತ್ತೆ ಪಣ ಏರಿಸಿದ್ರೆ ಹುಟ್ಟೋದೂ ಆ ಹೆದರಿಕೆನೇ. 2 ಲಕ್ಷ ಡಾಲರ್ ಚಿಪ್ಸ್ ಕೈಯಲ್ಲಿ ಹಿಡ್ಕೊಂಡಾಗ ತಲೆಗೆ ಏಳಕ್ಕೆ ಒಂದು ಅಂತ ಕಾಣಲ್ಲ, ಒಂದು ಮನೆ ಕಾಣತ್ತೆ.

ಕಂಪ್ಯೂಟರಿಗೆ ಈ ಕಾಟ ಇಲ್ಲ. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯವರು 2015ರಲ್ಲಿ ಇಬ್ಬರು ಆಡೋ ಲಿಮಿಟ್ ಹೋಲ್ಡೆಮ್ಮನ್ನ ಹೆಚ್ಚುಕಮ್ಮಿ ಪೂರ್ತಿ ಬಿಡಿಸಿಬಿಟ್ರು, ಪ್ರೋಗ್ರಾಂ ಹೆಸರು ಸೆಫಿಯಸ್, 4,800 ಪ್ರೊಸೆಸರ್ 68 ದಿನ ಓಡಿಸಿದ್ರು. ಅದರ ತಂತ್ರದಲ್ಲಿ ಡಾಲರ್ ಅನ್ನೋದೇ ಇಲ್ಲ, ಬರೀ ಬೆಟ್ ಲೆಕ್ಕ.

ಮನುಷ್ಯರ ಕಥೆ ಬೇರೆ. ಹೋಲ್ಟ್ ಮತ್ತು ಲಾರಿ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಸೇಫ್ ಆಯ್ಕೆಯಲ್ಲಿ 2 ಡಾಲರ್ ಇಲ್ಲಾ 1.60, ರಿಸ್ಕಿ ಆಯ್ಕೆಯಲ್ಲಿ 3.85 ಇಲ್ಲಾ ಬರೀ 10 ಸೆಂಟ್. ಅದೇ ಮೊತ್ತಗಳನ್ನ 20 ಪಟ್ಟು, 50, 90 ಪಟ್ಟು ಮಾಡಿ ನಿಜವಾದ ದುಡ್ಡು ಮುಂದಿಟ್ಟಾಗ ಜನ ಸೇಫ್ ಕಡೆಗೇ ವಾಲಿದ್ರು. ಮಜಾ ಏನಂದ್ರೆ ದುಡ್ಡು ಕೊಡಲ್ಲ, ಸುಮ್ನೆ ಊಹಿಸಿಕೊಂಡು ಹೇಳಿ ಅಂದಾಗ ಆ ವಾಲಾಟ ಕಾಣಲೇ ಇಲ್ಲ, ಸುಮ್ನೆ ಹೇಳೋದಾದ್ರೆ ಎಲ್ಲರೂ ಧೈರ್ಯವಂತರೇ ಬಿಡಿ.

ಬರೀ ಆಯ್ಕೆ ಅಲ್ಲ, ಕೈಚಳಕನೂ ಕೆಡತ್ತೆ. ಡ್ಯಾನ್ ಏರಿಯಲಿ ಅನ್ನೋ ಸಂಶೋಧಕ ಮತ್ತು ಜೊತೆಗಾರರು ನಮ್ಮ ಪಕ್ಕದ ಮದುರೈ ಸುತ್ತಮುತ್ತಲ ಹಳ್ಳಿಯವರಿಗೆ ಆರು ಆಟ ಕೊಟ್ಟಿದ್ರು, ಒಂದರಲ್ಲಿ ಕಾಲು ವೃತ್ತದ ಆಕಾರದ ಒಂಬತ್ತು ಲೋಹದ ತುಂಡುಗಳನ್ನ ಮರದ ಚೌಕಟ್ಟಿನೊಳಗೆ ಟೈಮ್ ಮುಗಿಯೋದ್ರೊಳಗೆ ಜೋಡಿಸಬೇಕು. ಒಂದು ಆಟಕ್ಕೆ ಕೆಲವರಿಗೆ ಜಾಸ್ತಿ ಅಂದ್ರೆ 4 ರೂಪಾಯಿ, ಕೆಲವರಿಗೆ 40, ಕೆಲವರಿಗೆ 400. ಆರೂ ಗೆದ್ರೆ 2,400, ಆಗ ಅಲ್ಲಿ ಒಬ್ಬ ಮನುಷ್ಯನ ಸುಮಾರು ಅರ್ಧ ವರ್ಷದ ಖರ್ಚು. ಎಲ್ಲರಿಗಿಂತ ಕೆಟ್ಟದಾಗಿ ಆಡಿದ್ದು 400ರ ಗುಂಪಿನವರು.

ವೇಗಸ್‌ನವರು ಇದಕ್ಕೆ ಕಂಡ್ಕೊಂಡ ಉಪಾಯ ನಮ್ಮ ಚೀಟಿ ಹಾಕೋರಿಗೆ ಬೇಗ ಅರ್ಥ ಆಗತ್ತೆ. ಡಾಯ್ಲ್ ಬ್ರನ್ಸನ್, ಜೆನಿಫರ್ ಹಾರ್ಮನ್, ಟೆಡ್ ಫಾರೆಸ್ಟ್ ಇವರೆಲ್ಲ ದುಡ್ಡು ಒಟ್ಟು ಹಾಕಿ ಒಂದು ಕೂಟ ಮಾಡ್ಕೊಂಡ್ರು, ಒಂದು ಸಲಕ್ಕೆ ಒಬ್ಬರೇ ಬೀಲ್ ಎದುರು ಕೂರೋದು, ಸೋಲು-ಗೆಲುವು ಎಲ್ಲರ ಪಾಲಿಗೆ. ಹತ್ತು ಜನ ಸಮ ಪಾಲು ಹಾಕಿದ್ರು ಅಂತ ಇಟ್ಕೊಳಿ, 2 ಲಕ್ಷದ ಬೆಟ್ ಒಬ್ಬೊಬ್ಬರಿಗೆ 20 ಸಾವಿರಕ್ಕೆ ಇಳಿಯತ್ತೆ. ಆದ್ರೆ ಬೇರೆಯವರ ದುಡ್ಡು ಸೋತು ಎದ್ದು ಬರೋ ಸಂಕಟ ಯಾವ ಲೆಕ್ಕಕ್ಕೂ ಸಿಗಲ್ಲ.

ಇಷ್ಟು ಹೇಳಿದ ಮೇಲೆ ಒಂದು ತಕರಾರು ನಾನೇ ಎತ್ತಬೇಕು. 2-4 ಟೇಬಲ್ಲಲ್ಲಿ ಆಡೋ ರೀತಿ ಬೇರೆ ಇರೋದಕ್ಕೆಲ್ಲ ಮನಸ್ಸೇ ಕಾರಣ ಅಲ್ಲ. 4 ಡಾಲರ್ ತಾನೇ ಅಂತ ಅಲ್ಲಿ ಯಾರೂ ಎಲೆ ಕೆಳಗಿಡಲ್ಲ, ಹಾಗಾಗಿ ಬ್ಲಫ್ ಮಾಡಿದವನೇ, ಅಂದ್ರೆ ಕೆಟ್ಟ ಎಲೆ ಇಟ್ಕೊಂಡು ಬೆಟ್ ಹಾಕಿ ಹೆದರಿಸೋಕೆ ಹೋದವನೇ, ಮೂರ್ಖ. ಅದರ ಮೇಲೆ ಕ್ಯಾಸಿನೋ ಪ್ರತಿ ಪಾಟಿಂದ ಎತ್ಕೊಳ್ಳೋ ಕಮಿಷನ್, ಸಣ್ಣ ಪಾಟಲ್ಲಿ ಅದು ದೊಡ್ಡ ತುತ್ತು. ಇಲ್ಲಿ ಲೆಕ್ಕವೇ ಬೇರೆ ಆಗಿರತ್ತೆ.

ಬೀಲ್ ಕೊನೆಗೆ ಏನಾದ ಅಂತೀರಾ? 2006ರ ಫೆಬ್ರವರಿಯಲ್ಲಿ ಮೊದಲು ಕೂಟದಿಂದ ಒಂದು ಕೋಟಿ ಡಾಲರಿಗೂ ಮೇಲೆ ಗೆದ್ದ, ಆಮೇಲೆ ಅದೇ ಕೂಟದ ಫಿಲ್ ಐವಿ ಎದುರು ಮೂರೇ ದಿನದಲ್ಲಿ ಸುಮಾರು 1.66 ಕೋಟಿ ಸೋತ. ಆ ಮೂರು ದಿನ ಪಣ 2004ರ ಅರ್ಧದಷ್ಟೋ ಅದಕ್ಕೂ ಕಮ್ಮಿನೋ ಇತ್ತು. ಐವಿ ಗೆದ್ದಿದ್ದು ಅದಕ್ಕೋ ಅಥವಾ ಎಲೆ ಚೆನ್ನಾಗಿ ಬಿದ್ದಿದ್ದಕ್ಕೋ ಅಂತ ತೀರ್ಪು ಕೊಡೋಕೆ ಮೂರು ದಿನ ಏನೇನೂ ಸಾಲಲ್ಲ, ಲಿಮಿಟ್ ಆಟದಲ್ಲಿ ಅದೃಷ್ಟ ಪಕ್ಕಕ್ಕೆ ಸರಿದು ಆಟಗಾರ ಕಾಣಿಸೋಕೆ ಹತ್ತಾರು ಸಾವಿರ ಕೈ ಬೇಕು.