ಮೊದಲ ಗುಟುಕಿಗೇ ತೀರ್ಪು ಬೇಡ

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಬಾರ್‌ಗೆ ಬರುವವರಿಗೆ ಬರ್ಬನ್, ಅಂದರೆ ಹೆಚ್ಚಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ, ರುಚಿ ನೋಡುವುದನ್ನು ಹೇಳಿಕೊಡುವುದು ನನ್ನ ಕೆಲಸ. ಸಂಜೆಯಾದರೆ ಅದೇ ಕಥೆ. ಗ್ಲಾಸು ಎತ್ತುತ್ತಾರೆ, ಒಂದು ಗುಟುಕು ಇಳಿಸುತ್ತಾರೆ, ಮುಖ ಕಿವುಚುತ್ತಾರೆ. ‘ಅಗ್ಗದ್ದು, ಗೊತ್ತಾಗುತ್ತೆ’ ಅಂತ ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಎರಡನೆಯದಾಗಿ ಬಂದ ದುಬಾರಿ ವಿಸ್ಕಿಯನ್ನು ಬಾಯ್ತುಂಬ ಹೊಗಳುತ್ತಾರೆ. ಎರಡನೆಯದು ಅನ್ನುವುದನ್ನು ಗಮನಿಸಿ. ಹೇಳದೆ ಗ್ಲಾಸುಗಳನ್ನು ಅದಲುಬದಲು ಮಾಡಿಟ್ಟರೆ ಎಷ್ಟೋ ಸಲ ಹೊಗಳಿಕೆಯೂ ಅದಲುಬದಲಾಗುತ್ತದೆ.

ಮೊದಲ ಗುಟುಕಿನಲ್ಲಿ ನಿಮಗೆ ಸಿಗುವುದು ಆಲ್ಕೋಹಾಲಿನ ಉರಿ ಅಷ್ಟೇ. ಬಾಯಲ್ಲಿ ಬಿಸಿಯನ್ನು ಪತ್ತೆ ಹಚ್ಚುವ ನರದ ತುದಿಗಳಿವೆ. ಸುಮಾರು 42 ಡಿಗ್ರಿ ದಾಟಿದರೆ ಅವು ‘ಸುಡುತ್ತಿದೆ’ ಅಂತ ಮಿದುಳಿಗೆ ಸುದ್ದಿ ಕಳಿಸುತ್ತವೆ. ಆಲ್ಕೋಹಾಲು ತಾಗಿದರೆ ಆ ಗಡಿ ಸುಮಾರು 34ಕ್ಕೆ ಇಳಿಯುತ್ತದೆ. ನಮ್ಮ ಮೈ ಬಿಸಿಯೇ ಅದಕ್ಕಿಂತ ಜಾಸ್ತಿ, ಅಲ್ವಾ? ಹಾಗಾಗಿ ಬಾಯಿ ತನ್ನ ಬಿಸಿಗೆ ತಾನೇ ಉರಿಯುತ್ತದೆ. ಮೆಣಸಿನಕಾಯಿಯ ಖಾರ ಹತ್ತುವುದೂ ಇದೇ ನರಗಳಿಂದ. ಮಿರ್ಚಿ ಬಜ್ಜಿಯನ್ನು ಮೊದಲ ಸಲ ಕಚ್ಚಿದಾಗ ಕಣ್ಣಲ್ಲಿ ನೀರು ಬರುತ್ತದೆ. ಒಳಗಿನ ಓಂಕಾಳಿನ ರುಚಿ ತಿಳಿಯುವುದು ಆಮೇಲೆ. 20 ಡಾಲರಿನ ಬಾಟಲಿಯಾದರೂ 200 ಡಾಲರಿನದಾದರೂ ಈ ಮೊದಲ ಉರಿ ತಪ್ಪಿದ್ದಲ್ಲ.

ಆದ್ದರಿಂದ ಮೊದಲನೆಯದು ಚಿಕ್ಕ ಗುಟುಕಾಗಿರಲಿ. ಬಾಯೊಳಗೆಲ್ಲ ಓಡಾಡಿಸಿ, ಅಗಿದ ಹಾಗೆ ಮಾಡಿ ನುಂಗಿ. ಇಲ್ಲಿಯವರು ಇದಕ್ಕೆ ‘ಕೆಂಟಕಿ ಚ್ಯೂ’ ಅನ್ನುತ್ತಾರೆ. ಒಂದು ನಿಮಿಷ ಸುಮ್ನೆ ಕೂತಿರಿ. ಎರಡನೆಯದರಲ್ಲೂ ಅಭಿಪ್ರಾಯ ಬೇಡ. ಮೂರನೆಯದರಿಂದ ಲೆಕ್ಕ ಹಿಡಿಯಿರಿ. ಮೂಸುವಾಗಲೂ ಅಷ್ಟೇ, ಮಲ್ಲಿಗೆ ಮೂಸಿದ ಹಾಗೆ ಗ್ಲಾಸಿನೊಳಗೆ ಮೂಗು ಇಟ್ಟರೆ ಘಾಟು ಹೊಡೆಯುತ್ತದೆ. ಗ್ಲಾಸು ಗದ್ದದ ಹತ್ತಿರ ಇರಲಿ, ಬಾಯಿ ಸ್ವಲ್ಪ ತೆರೆದಿರಲಿ.

ಕಳೆದ ಚಳಿಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಮಗಳ ಜೊತೆ ಬಂದಿದ್ದರು. ಮೊದಲ ಗುಟುಕಿಗೇ ಕೆಮ್ಮು. ‘ಏನಪ್ಪಾ ಇದು, ಬರೀ ಸ್ಪಿರಿಟ್ಟು!’ ಅಂದರು. ‘ಸಾರ್, ಕುದಿಯೋ ಕಾಫಿ ನಾಲಿಗೆ ಮೇಲೆ ಸುರ್ಕೊಂಡು ರುಚಿ ಹೇಳ್ತೀರಾ?’ ಅಂತ ಕೇಳಿದೆ. ನಕ್ಕರು. ಒಂದು ಚೂರು ಬ್ರೆಡ್ಡು ತಿಂದರು, ಕಾದರು. ಮೂರನೆಯ ಗುಟುಕಿಗೆ ಕಣ್ಣು ಮುಚ್ಚಿದರು. ‘ಬೆಲ್ಲದ ಪಾಕ ತಳ ಹಿಡಿಯೋಕೆ ಶುರುವಾದಾಗ ಬರುತ್ತಲ್ಲ, ಆ ವಾಸನೆ. ಹಿಂದೆ ಚಕ್ಕೆ ಇದೆ’ ಅಂದರು. ನಾನು ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ಇಂಥವರು ಸಿಕ್ಕ ದಿನ ನನಗೆ ಮನೆಗೆ ಹೋಗಲು ಮನಸ್ಸಾಗುವುದಿಲ್ಲ.

ಅವರ ಗ್ಲಾಸಿನಲ್ಲಿದ್ದದ್ದು ಇವಾನ್ ವಿಲಿಯಮ್ಸ್ ಅನ್ನುವ ಬ್ರಾಂಡಿನ ಬಿಳಿ ಲೇಬಲ್ ಬರ್ಬನ್. ಇಲ್ಲಿ 20 ಡಾಲರಿನ ಆಸುಪಾಸಿಗೆ ಸಿಗುತ್ತದೆ. ಅದರ ಮೇಲೆ ‘ಬಾಟಲ್ಡ್ ಇನ್ ಬಾಂಡ್’ ಅಂತ ಇರುತ್ತದೆ. ಕಡಿಮೆ ದುಡ್ಡಿಗೆ ಹುಡುಕುವವರಿಗೆ ನಾನು ಮೊದಲು ತೋರಿಸುವುದೇ ಈ ಮೂರು ಪದ. ಹಿಂದೆ ಹಸಿ ಸಾರಾಯಿಗೆ ತಂಬಾಕಿನ ರಸ ಬೆರೆಸಿ ಬಣ್ಣ ಕಟ್ಟಿ ವಿಸ್ಕಿ ಅಂತ ಮಾರುವವರಿದ್ದರು. ಅದಕ್ಕೇ 1897ರಲ್ಲಿ ಅಮೆರಿಕ ಸರ್ಕಾರ ಕಾನೂನು ತಂದಿತು. ಈ ಮೂರು ಪದ ಹಾಕಬೇಕಾದರೆ ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಸೀಸನ್‌ನಲ್ಲಿ ತಯಾರಾಗಿರಬೇಕು, ಕಡಿಮೆಯೆಂದರೆ 4 ವರ್ಷ ಮರದ ಪೀಪಾಯಿಯಲ್ಲಿ ಇದ್ದಿರಬೇಕು, ಬಾಟಲಿಯಲ್ಲಿ ಸರಿಯಾಗಿ 50% ಆಲ್ಕೋಹಾಲು ಇರಬೇಕು. ಇಷ್ಟಿದ್ದರೆ ರುಚಿ ಹಿಡಿಸಿಯೇ ಹಿಡಿಸುತ್ತದೆ ಅಂತ ನಾನು ಹೇಳಲಾರೆ. ಮೋಸ ಇಲ್ಲ ಅನ್ನುವಷ್ಟು ಹೇಳಬಹುದು.

50% ಜಾಸ್ತಿ ಅನ್ನಿಸಿದರೆ ನೀರು ಹಾಕಿ, ಅದರಲ್ಲಿ ಅವಮಾನ ಏನೂ ಇಲ್ಲ. 30 ಎಂಎಲ್‌ಗೆ ಒಂದು ಟೀ ಚಮಚ ನೀರು ಬೆರೆಸಿದರೆ ಸುಮಾರು 43%ಗೆ ಇಳಿಯುತ್ತದೆ. ಅದೇ ಬ್ರಾಂಡಿನ ಕಪ್ಪು ಲೇಬಲ್ ಬಾಟಲಿಯಾಗುವುದೂ 43%ಗೇ. ಆದರೆ ಇಲ್ಲಿ ಎಷ್ಟು ನೀರು ಅನ್ನುವುದು ನಿಮ್ಮ ಕೈಯಲ್ಲಿದೆ. ಐಸ್ ಮಾತ್ರ ಮೊದಲ ದಿನ ಬೇಡ, ತಣ್ಣಗಾದರೆ ಘಮ ಮುಚ್ಚಿಹೋಗುತ್ತದೆ. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಗ್ಲಾಸು ಮುಟ್ಟಬೇಡಿ. ಗಾಡಿ ಓಡಿಸುವ ಸಂಜೆಯಂತೂ ಬೇಡವೇ ಬೇಡ.

ಇನ್ನೊಂದು. ಖಾಲಿ ಗ್ಲಾಸನ್ನು ತಕ್ಷಣ ತೊಳೆಯಬೇಡಿ. ಹತ್ತು ನಿಮಿಷ ಬಿಟ್ಟು ಮೂಸಿ. ಆಲ್ಕೋಹಾಲು ಹಾರಿಹೋಗಿ ಪೀಪಾಯಿಯದ್ದು ಮಾತ್ರ ಉಳಿದಿರುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಆ ಬಾಟಲಿಯನ್ನು ನಾನು ಮತ್ತೆ ಕೊಳ್ಳುವುದಿಲ್ಲ. ಆ ಕಾಫಿ ಬೆಳೆಗಾರರು ಕೋಟು ಹಾಕಿಕೊಂಡು ಹೊರಟವರು ತಿರುಗಿ ಬಂದು ತಮ್ಮ ಗ್ಲಾಸು ಎತ್ತಿ ಮೂಸಿದರು. ‘ಅಜ್ಜನ ಮರದ ಪೆಟ್ಟಿಗೆ ತೆಗೆದ ಹಾಗಿದೆ ನೋಡೇ’ ಅಂತ ಮಗಳ ಮೂಗಿಗೂ ಹಿಡಿದರು.