ನಾಲ್ವರು ಮುಂದೆ, ಹಿಂದೆ ಬರೀ ಗದ್ದೆ

ಕುಂಬಳೆಯ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ ಸೆವೆನ್ಸ್ ಆಟ, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್. ಗೋಲ್‌ಕೀಪರನನ್ನು ಬಿಟ್ಟರೆ ಉಳಿದ ಆರು ಜನರಲ್ಲಿ ನಾಲ್ವರನ್ನು ನಾವು ದಾಳಿಗೇ ಇಟ್ಟಿದ್ದೆವು. ಹತ್ತು ನಿಮಿಷದಲ್ಲಿ ಎರಡು ಗೋಲು ಹೊಡೆದು, ಆಮೇಲೆ ಸಾಲಾಗಿ ಮೂರು ತಿಂದೆವು. ಪುಣಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಕದಿಯಲು ಹೋದವರು ಸ್ವಂತ ಮನೆಯ ಬಾಗಿಲು ಹಾಕಲಿಲ್ಲ" ಎಂದರು.

1958ರಲ್ಲಿ ಸ್ವೀಡನ್‌ನಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್‌ನದೂ ಇದೇ ಗುಣದ ವ್ಯೂಹ: 4-2-4, ಅಂದರೆ ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. ಆಗ ಬಹಳಷ್ಟು ತಂಡಗಳು ಹಿಂದೆ ಮೂವರನ್ನೇ ನಿಲ್ಲಿಸುತ್ತಿದ್ದವು. ಮೂವರ ಎದುರು ನಾಲ್ವರು ಬಂದರೆ ಒಬ್ಬನಿಗೆ ಕಾವಲಿಲ್ಲ, ಲೆಕ್ಕ ಅಷ್ಟೇ. ಫೈನಲ್‌ನಲ್ಲಿ ಗ್ಯಾರಿಂಚಾ ಬಲಬದಿಯಲ್ಲಿ ನುಗ್ಗಿ ಚೆಂಡನ್ನು ಅಡ್ಡ ಹಾಯಿಸಿದ, ವಾವಾ ಗೋಲು ಹೊಡೆದ. ಸ್ವಲ್ಪ ಹೊತ್ತಿನ ಮೇಲೆ ಅದೇ ಬದಿ, ಅದೇ ಇಬ್ಬರು, ಹೆಚ್ಚುಕಡಿಮೆ ಅದೇ ಗೋಲು!

ತೊಂದರೆ ಇರುವುದು ನಡುವಿನ ಇಬ್ಬರಲ್ಲಿ. ದೊಡ್ಡ ಮೈದಾನದ ಅಗಲ 68 ಮೀಟರ್. ತಲೆಗೆ 34 ಮೀಟರ್ ಕಾವಲು. ಸೆಕೆಂಡಿಗೆ 15 ಮೀಟರ್ ವೇಗದ ಪಾಸ್ ಆ 34 ಮೀಟರನ್ನು ಎರಡೂಕಾಲು ಸೆಕೆಂಡಿನಲ್ಲಿ ದಾಟುತ್ತದೆ. ಸೆಕೆಂಡಿಗೆ 7 ಮೀಟರ್ ಓಡುವವನು ಅಷ್ಟರಲ್ಲಿ ಅರ್ಧ ದಾರಿಯನ್ನೂ ಮುಟ್ಟಿರುವುದಿಲ್ಲ. ಅವನು ತಿರುಗಿ ವೇಗ ಹಿಡಿಯಲು ಬೇಕಾಗುವ ಹೊತ್ತನ್ನು ನಾನಿನ್ನೂ ಸೇರಿಸಿಲ್ಲ.

ಬ್ರೆಜಿಲ್‌ನವರು ಇದಕ್ಕೆ ಕಂಡುಕೊಂಡ ಉಪಾಯ ಜಗಾಲೊ. ಎಡಬದಿಯ ಈ ಆಟಗಾರ ಚೆಂಡು ಕಳೆದುಹೋದ ಕೂಡಲೇ ನಡುವಿಗೆ ಇಳಿಯುತ್ತಿದ್ದ. ಕಾಗದದ ಮೇಲೆ 4-2-4, ಮೈದಾನದಲ್ಲಿ 4-3-3. ಒಬ್ಬೊಬ್ಬನ ಪಾಲು 23 ಮೀಟರಿಗೂ ಕಡಿಮೆ. ಹಾಗೆಂದು ದಾಳಿಯನ್ನು ಬಿಟ್ಟುಕೊಟ್ಟವನಲ್ಲ. 5-2ರ ಆ ಗೆಲುವಿನಲ್ಲಿ ಅವನದೂ ಒಂದು ಗೋಲಿದೆ. ನನ್ನ ಮಟ್ಟಿಗೆ ಆ ತಂಡದ ನಿಜವಾದ ಜಾಣತನ ಇವನ ಕಾಲಿನಲ್ಲಿತ್ತು, ಪೆಲೆಯ ಅಭಿಮಾನಿಗಳು ಮುನಿಸಿಕೊಳ್ಳಬಾರದು.

ಆದರೆ ಒಬ್ಬನಿಗೆ ಎರಡಾಳಿನ ಓಟ. ನಮ್ಮ ಕರಾವಳಿಯ ಮಾರ್ಚ್ ತಿಂಗಳಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಆರದೆ ಮೈ ತಣಿಯುವುದಿಲ್ಲ, ಮೈ ಕಾದಂತೆ ಕಾಲು ಸೋಲುತ್ತದೆ. ಮುಂದಿನ ಭಾನುವಾರ ನಮ್ಮ ಎಡಬದಿಯ ಹುಡುಗನಿಗೂ ಹಿಂದಕ್ಕೆ ಬರಲು ಹೇಳಿದೆವು. ಎರಡು ಸಲ ಬಂದ. ಮೂರನೆಯ ಸಲ ಮೊಣಕಾಲಿಗೆ ಕೈ ಊರಿ ನಿಂತು, "ಗೋಲು ಬೇಕೋ ಕಾವಲು ಬೇಕೋ, ಒಂದು ಹೇಳಿ" ಎಂದ.